ಬರೀ ‘ನೋವು’ ಅಂದರೆ ಸಾಲದು



ಜಿಮ್ಮಿನ ಮಾತು ಕನ್ನಡಕ್ಕೆ ಹೊಸದಲ್ಲ. ನೀವು ಮಾಡುವ ಸ್ಕ್ವಾಟನ್ನು ಹೋಲುವ ಬಸ್ಕಿ ನಮ್ಮ ಗರಡಿ ಮನೆಯಲ್ಲಿ ಹಿಂದಿನಿಂದಲೂ ಇದೆ. ಶಾಲೆಯಲ್ಲಿ ಕಿವಿ ಹಿಡಿದು ಎಷ್ಟು ಬಸ್ಕಿ ಹೊಡೆದಿದ್ದರೋ ನಿಮ್ಮ ತಾತನನ್ನೇ ಕೇಳಿ! ಒಂದು ಬಸ್ಕಿ ಅಂದರೆ ಒಂದು ರೆಪ್. ಬಿಡದೆ 10 ಹೊಡೆದು ದಣಿವಾರಿಸಿಕೊಂಡರೆ ಒಂದು ಸೆಟ್.

ಇದಕ್ಕಿಂತ ಮುಖ್ಯ, ನೋವಿನ ಹೆಸರುಗಳು. ಹೊಸದಾಗಿ ಓಡಲು ಶುರುಮಾಡಿದ್ದ ನನ್ನ ಮಗ ಒಂದು ದಿನ “ಅಮ್ಮಾ, ಕಾಲು ನೋವು” ಅಂದ. ಸಹಜ ಅಂದುಕೊಂಡು ಮರುದಿನವೂ ಓಡಲು ಕಳಿಸಿದೆ. ನೋಡಿದರೆ ಕಾಲು ಉಳುಕಿತ್ತು. ಆ ಪದ ಅವನಿಗೆ ಗೊತ್ತಿರಲಿಲ್ಲ, ನಾನೂ ಬಿಡಿಸಿ ಕೇಳಲಿಲ್ಲ. ಮೂರು ವಾರ ಕುಂಟಿದ.

ವ್ಯಾಯಾಮದ ಮರುದಿನ ಮೈ ಬಿಗಿದು ನೋಯುವುದು ಮೈಕೈ ನೋವು. ಸಾಮಾನ್ಯವಾಗಿ ಕೆಲವೇ ದಿನಗಳಲ್ಲಿ ಇಳಿಯುತ್ತದೆ. ಮೀನಖಂಡ ತಟ್ಟನೆ ಗಂಟುಕಟ್ಟಿದಂತೆ ಸೆಟೆದರೆ ಅದು ಸ್ನಾಯು ಸೆಳೆತ. ನಿಂತು, ಮೆಲ್ಲಗೆ ಕಾಲು ನೀಡಿ ಪಾದವನ್ನು ನಿಮ್ಮ ಕಡೆಗೆ ಎಳೆದುಕೊಳ್ಳಿ. ಕೀಲು ತಿರುಚಿ ಊದಿಕೊಂಡರೆ ಉಳುಕು. ಅಲ್ಲಿಗೇ ನಿಲ್ಲಿಸಿ, ಕಾಲೂರಲು ಆಗದಿದ್ದರೆ ಡಾಕ್ಟರಿಗೆ ತೋರಿಸಿ.

ಇನ್ನು ಮೇಲೆ ಮನೆಯಲ್ಲಿ ಯಾವ ನೋವು ಅಂತ ಹೇಳಿ. ಅಮ್ಮಂದಿರು ನಾವೂ ಕೇಳುತ್ತೇವೆ.