ಓದಿದವರ ಮರುಮಾತು

ಪುಸ್ತಕ ಓದಿ ಮುಗಿಸಿದವರನ್ನು ‘ಹೇಗಿತ್ತು?’ ಎಂದು ಕೇಳಿ ನೋಡಿ. ಬಹಳ ಮಂದಿ ತಡವರಿಸುತ್ತಾರೆ. ಪ್ರಶಸ್ತಿ ಬಂದ ಪುಸ್ತಕವಾದರಂತೂ ವಿಮರ್ಶಕರು ಏನೆಂದಿದ್ದಾರೆ ಎಂಬುದನ್ನು ನೆನಪಿಸಿಕೊಂಡು ಅದನ್ನೇ ತಮ್ಮ ಮಾತೆಂಬಂತೆ ಹೇಳಿಬಿಡುತ್ತಾರೆ. ಸೇರದ ಮಹಾಕಾವ್ಯವನ್ನು ಸೇರಲಿಲ್ಲ ಎನ್ನಲು ಸಂಕೋಚ. ಸೇರಿದ ಪತ್ತೇದಾರಿ ಕಾದಂಬರಿಯನ್ನು ಸೇರಿತು ಎನ್ನಲು ಇನ್ನೂ ಹೆಚ್ಚಿನ ಸಂಕೋಚ. ಓದು ಬೆಳೆದಂತೆಲ್ಲ ಓದುಗನ ಸ್ವಂತ ಮಾತು ಕುಗ್ಗುತ್ತ ಹೋಗುವುದಾದರೆ ಆ ಓದಿನಿಂದ ಲಾಭವಾದದ್ದು ಯಾರಿಗೆ?

ಈ ಪ್ರಶ್ನೆಯನ್ನು ಇಟ್ಟುಕೊಂಡು ಈಗಿನ ಹಾವೇರಿ ಜಿಲ್ಲೆಯ ನಾಲ್ಕು ತಾಲ್ಲೂಕುಗಳನ್ನು ಸುತ್ತಿ ಬರಬಹುದು: ಶಿಗ್ಗಾಂವಿ, ಸವಣೂರು, ಹಾನಗಲ್ಲ, ಹಿರೇಕೆರೂರು. 1997ರವರೆಗೆ ಇವೆಲ್ಲ ಧಾರವಾಡ ಜಿಲ್ಲೆಗೆ ಸೇರಿದ್ದವು. ದೊಡ್ಡ ಗ್ರಂಥಾಲಯಗಳಿಗಾಗಲಿ ವಿಶ್ವವಿದ್ಯಾಲಯಗಳಿಗಾಗಲಿ ಹೆಸರಾದ ನೆಲವಲ್ಲ. ಆದರೆ ಓದಿದ್ದಕ್ಕೆ, ಕೇಳಿದ್ದಕ್ಕೆ ತಮ್ಮದೇ ಮರುಮಾತು ಕೊಟ್ಟವರು ಇಲ್ಲಿ ಸಾಲುಸಾಲಾಗಿ ಸಿಗುತ್ತಾರೆ.

ಶಿಗ್ಗಾಂವಿ ತಾಲ್ಲೂಕಿನ ಬಾಡ ಕನಕದಾಸರ ಊರು. ಕನಕದಾಸರನ್ನು ಭಕ್ತರೆಂದು, ಕೀರ್ತನಕಾರರೆಂದು ಎಲ್ಲರೂ ಬಲ್ಲರು. ಅವರನ್ನು ಒಬ್ಬ ಓದುಗರೆಂದು ಕಂಡವರು ಕಡಿಮೆ. ಮಹಾಭಾರತದೊಳಗಿನ ನಳನ ಕಥೆ ಅವರ ಕೈಯಲ್ಲಿ ‘ನಳಚರಿತ್ರೆ’ಯಾಯಿತು. ಕೃಷ್ಣಕಥೆ ಸಾಂಗತ್ಯದಲ್ಲಿ ‘ಮೋಹನತರಂಗಿಣಿ’ಯಾಯಿತು. ಇವೆರಡಕ್ಕಿಂತ ಕುತೂಹಲದ್ದು ‘ರಾಮಧಾನ್ಯಚರಿತ್ರೆ’. ಲಂಕೆಯಿಂದ ಮರಳುವ ರಾಮ ಮುನಿಗಳ ಆಶ್ರಮದಲ್ಲಿ ತಂಗುತ್ತಾನೆ. ಬಗೆಬಗೆಯ ಧಾನ್ಯಗಳ ಊಟವಾಗುತ್ತದೆ. ಯಾವ ಧಾನ್ಯ ಹೆಚ್ಚು ಎಂಬ ಚರ್ಚೆ ಏಳುತ್ತದೆ. ಅಕ್ಕಿಗೂ ರಾಗಿಗೂ ಅಂದರೆ ನರೆದಲೆಗನಿಗೂ ಜಗಳ ಹತ್ತುತ್ತದೆ. ಇಬ್ಬರನ್ನೂ ಆರು ತಿಂಗಳು ಸೆರೆಯಲ್ಲಿಡಲಾಗುತ್ತದೆ. ಕೊನೆಗೆ ಅಕ್ಕಿ ಕೆಟ್ಟಿರುತ್ತದೆ, ರಾಗಿ ಗಟ್ಟಿಯಾಗಿ ಉಳಿದಿರುತ್ತದೆ.

ರಾಮಾಯಣವನ್ನು ಕೇಳಿದ ಲಕ್ಷಾಂತರ ಜನ ರಾಮ ಗೆದ್ದನೆಂದು ಸಂತೋಷಪಟ್ಟು ಎದ್ದುಹೋದರು. ಇವರೊಬ್ಬರು ಮಾತ್ರ ರಾಮನ ಪಂಕ್ತಿಯಲ್ಲಿ ಬಡವನ ಊಟಕ್ಕೆ ಜಾಗವೆಲ್ಲಿ ಎಂದು ಕೇಳಿದರು. ದೊಡ್ಡವರ ಕಥೆಯನ್ನು ತನ್ನ ತಟ್ಟೆಯ ಮುಂದೆ ಕುಳಿತು ಓದುವುದೆಂದರೆ ಇದು. (ಈ ಸೀಮೆಯ ಮೂಡಣ ಭಾಗದವರ ನಿತ್ಯದ ಊಟ ಜೋಳದ ರೊಟ್ಟಿ, ಪಡುವಣದ ಹಾನಗಲ್ಲದ ಕಡೆ ಭತ್ತದ ಗದ್ದೆಗಳು. ಜೋಳದ ಪರವಾಗಿ ಯಾರೂ ಒಂದು ಕಾವ್ಯ ಬರೆಯಲಿಲ್ಲವಲ್ಲ ಎಂದು ಇಲ್ಲಿಯ ರೈತ ಕೊರಗಿದರೆ ತಪ್ಪಲ್ಲ!)

ಅದೇ ತಾಲ್ಲೂಕಿನ ಶಿಶುನಾಳದಲ್ಲಿ 1819ರಲ್ಲಿ ಹುಟ್ಟಿದ ಷರೀಫ ಸಾಹೇಬರು ಕಳಸದ ಗೋವಿಂದಭಟ್ಟರ ಶಿಷ್ಯರಾದರು. ಪುರಾಣಗಳೂ ಕರ್ಬಲಾದ ಕಥೆಯೂ ಅವರಿಗೆ ಪರಕೀಯವಾಗಿರಲಿಲ್ಲ. ಮೊಹರಮ್ಮಿನ ರಿವಾಯತ ಪದಗಳನ್ನು ಈ ಕಡೆಯ ಮಾತಿನಲ್ಲಿಯೇ ಕಟ್ಟಿದರು. ತಾವು ಅರಿತ ವೇದಾಂತವನ್ನು ಸೋರುವ ಮನೆ, ಕೋಳಿ, ಬೀಸುವ ಕಲ್ಲುಗಳ ನಡುವೆ ತಂದು ನಿಲ್ಲಿಸಿದರು. ಅರ್ಥವಾಗಿದೆ ಎನ್ನುವುದಕ್ಕೆ ಇದಕ್ಕಿಂತ ಬೇರೆ ಪರೀಕ್ಷೆ ಇಲ್ಲ.

ಅಲ್ಲಿಂದ ನೆರೆಯ ಸವಣೂರಿಗೆ ಬಂದರೆ ಕಾಲವೂ ಬದಲು, ಓದಿನ ರೀತಿಯೂ ಬದಲು. ನವಾಬರ ಸಂಸ್ಥಾನವಾಗಿದ್ದ ಈ ಊರಿನಲ್ಲಿ 1909ರಲ್ಲಿ ವಿನಾಯಕ ಕೃಷ್ಣ ಗೋಕಾಕರು ಹುಟ್ಟಿದರು. ಧಾರವಾಡದಲ್ಲಿ ಕಾಲೇಜು, ಅನಂತರ ಆಕ್ಸ್‌ಫರ್ಡ್. ಇಂಗ್ಲಿಷ್ ಸಾಹಿತ್ಯವನ್ನು ಅವರಷ್ಟು ಆಸೆಯಿಂದ ಓದಿದವರು ವಿರಳ. ಮೊದಮೊದಲು ಬರೆದದ್ದೂ ಇಂಗ್ಲಿಷಿನಲ್ಲಿಯೇ. ಬೇಂದ್ರೆಯವರ ಗೆಳೆಯರ ಗುಂಪಿನ ಸಹವಾಸ ಅವರನ್ನು ಕನ್ನಡದ ಕಡೆಗೆ ತಿರುಗಿಸಿತು. ಗೋಕಾಕರ ವಿಶೇಷವೆಂದರೆ ಓದಿದ ಪ್ರಕಾರಕ್ಕೆ ಅದೇ ಪ್ರಕಾರದಲ್ಲಿ ಉತ್ತರ ಕೊಡಬೇಕೆಂಬ ಹಂಬಲ. ಕಡಲಯಾನದಿಂದ ‘ಸಮುದ್ರಗೀತೆಗಳು’ (1940) ಬಂದವು, ‘ಸಮುದ್ರದಾಚೆಯಿಂದ’ ಎಂಬ ಪ್ರವಾಸಕಥನವೂ ಬಂತು. ದೀರ್ಘ ಕಾದಂಬರಿಗಳನ್ನು ಓದಿದವರು ‘ಸಮರಸವೇ ಜೀವನ’ ಬರೆದರು. ಹೊಸ ಪಾಶ್ಚಾತ್ಯ ಕಾವ್ಯ ಓದಿ 1950ರಲ್ಲಿ ‘ನವ್ಯ’ ಎಂಬ ಮಾತನ್ನು ಕನ್ನಡ ಕಾವ್ಯದ ಮುಂದಿಟ್ಟರು. ಮಹಾಕಾವ್ಯಗಳ ಓದಿಗೆ ಉತ್ತರವಾಗಿ ವಿಶ್ವಾಮಿತ್ರನನ್ನು ಕುರಿತ ‘ಭಾರತ ಸಿಂಧುರಶ್ಮಿ’ ಬಂತು.

ಇಲ್ಲೊಂದು ಮಾತು ಹೇಳಲೇಬೇಕು. ಜ್ಞಾನಪೀಠದ ಗೌರವ ಗೋಕಾಕರಿಗೆ ಸಂದಮೇಲೆ ‘ಭಾರತ ಸಿಂಧುರಶ್ಮಿ’ಯನ್ನು ಹೊಗಳಿದವರು ಹೆಚ್ಚು, ಕೊನೆಯ ಪುಟದವರೆಗೆ ಹೋದವರು ಕಡಿಮೆ. ಅದನ್ನು ಅರ್ಧಕ್ಕೆ ಬಿಟ್ಟು ‘ಸಮುದ್ರಗೀತೆಗಳು’ ಸಂಗ್ರಹಕ್ಕೆ ಮರಳುವ ಓದುಗ ಅಪರಾಧಿಯಲ್ಲ. ‘ಇದು ನನಗೆ ದಕ್ಕಲಿಲ್ಲ, ಅದು ದಕ್ಕಿತು’ ಎನ್ನುವವನು ಪುಸ್ತಕಕ್ಕೆ ಕೊಡುವ ಮರ್ಯಾದೆ, ಓದದೆ ಹೊಗಳುವವನದಕ್ಕಿಂತ ದೊಡ್ಡದು. ‘ನವ್ಯ’ದ ಕಥೆಯೂ ಹೀಗೆಯೇ. ಹೆಸರಿಟ್ಟವರು ಗೋಕಾಕರು, ಆದರೆ 1954ರ ‘ಚಂಡೆಮದ್ದಳೆ’ಯ ಹೊತ್ತಿಗೆ ಅದನ್ನು ಅಡಿಗರು ಬೇರೆಯೇ ದಾರಿಗೆ ಕೊಂಡೊಯ್ದಿದ್ದರು. ಓದುಗರು ಹೆಚ್ಚಾಗಿ ಹೋದದ್ದು ಆ ದಾರಿಯಲ್ಲಿ.

ಸವಣೂರು ತಾಲ್ಲೂಕಿನ ಹತ್ತಿಮತ್ತೂರಿನಲ್ಲಿ 1939ರಲ್ಲಿ ಹುಟ್ಟಿದ ಚಂದ್ರಶೇಖರ ಪಾಟೀಲರು, ಅಂದರೆ ಚಂಪಾ, ಮರುಮಾತಿಗೆ ಒಂದು ಪತ್ರಿಕೆಯನ್ನೇ ಕಟ್ಟಿದರು. ಗಿರಡ್ಡಿ ಗೋವಿಂದರಾಜ ಮತ್ತು ಸಿದ್ಧಲಿಂಗ ಪಟ್ಟಣಶೆಟ್ಟಿಯವರ ಜೊತೆಗೂಡಿ 1964ರಲ್ಲಿ ಹೊರಡಿಸಿದ ‘ಸಂಕ್ರಮಣ’ ಮೊದಲು ನವ್ಯದ ಪತ್ರಿಕೆ. ಮುಂದೆ ಅದು ಬಂಡಾಯದ ಕಡೆಗೆ ಹೊರಳಿತು. ಇದನ್ನು ಚಂಚಲತೆ ಎಂದು ಆಡಿಕೊಂಡವರಿದ್ದಾರೆ. ಆದರೆ ಇಪ್ಪತ್ತೈದನೆಯ ವಯಸ್ಸಿನಲ್ಲಿ ಮೆಚ್ಚಿದ್ದನ್ನು ನಲವತ್ತರಲ್ಲಿಯೂ ಮೆಚ್ಚಲೇಬೇಕೆಂಬ ಕರಾರು ಯಾವ ಓದುಗನ ಮೇಲೂ ಇಲ್ಲ.

ಗೋಕಾಕರೂ ಚಂಪಾ ಅವರೂ ಓದಿಗೆ ಕೃತಿಯಿಂದ, ಪತ್ರಿಕೆಯಿಂದ ಉತ್ತರ ಕೊಟ್ಟರೆ ಹಾನಗಲ್ಲ ತಾಲ್ಲೂಕಿನ ಬೊಮ್ಮನಹಳ್ಳಿಯ ಗುರುರಾಜ ಶ್ಯಾಮಾಚಾರ್ಯ ಆಮೂರರು (1925–2020) ಓದುಗರಾಗಿಯೇ ಉಳಿದರು. ವಿಮರ್ಶೆಯೇ ಅವರ ಬದುಕಿನ ಕೆಲಸ. ವೃತ್ತಿಯಿಂದ ಇಂಗ್ಲಿಷ್ ಅಧ್ಯಾಪಕರು. ಹಾಸ್ಯನಾಟಕದ ತತ್ವವನ್ನು ಕುರಿತು ಇಂಗ್ಲಿಷಿನಲ್ಲಿ ಗ್ರಂಥ ಬರೆದವರು. ಹೀಗಿದ್ದೂ ನೂರಕ್ಕೂ ಹೆಚ್ಚು ಕಾದಂಬರಿ ಬರೆದ ಜನಪ್ರಿಯ ಲೇಖಕ ಅ.ನ.ಕೃ. ಅವರ ಮೇಲೆ ಕೇಂದ್ರ ಸಾಹಿತ್ಯ ಅಕಾಡೆಮಿಗೆ ಪುಸ್ತಕ ಬರೆದರು. ಬೇಂದ್ರೆಯವರ ಮೇಲೂ ಬರೆದರು. ಒಬ್ಬರನ್ನು ಜನ ಮುಗಿಬಿದ್ದು ಓದಿದರು. ಇನ್ನೊಬ್ಬರನ್ನು ಜನ ಹಾಡಿದರು, ಪಂಡಿತರು ತಲೆ ಕೆರೆದುಕೊಂಡರು. ಎರಡೂ ಪುಸ್ತಕದ ಕಪಾಟಿನಲ್ಲಿ ಒಂದೇ ಮಗ್ಗುಲಿಗೆ ನಿಲ್ಲಬಲ್ಲವು ಎಂಬುದನ್ನು ವಾದಿಸದೆಯೇ ಮಾಡಿ ತೋರಿಸಿದವರು ಆಮೂರರು. ಬೇಂದ್ರೆ ಕಾವ್ಯದ ದೀರ್ಘ ಅಧ್ಯಯನ ‘ಭುವನದ ಭಾಗ್ಯ’ಕ್ಕೆ 1996ರಲ್ಲಿ ಅಕಾಡೆಮಿ ಪ್ರಶಸ್ತಿ ಬಂತು. ಪಶ್ಚಿಮದ ಸಿದ್ಧಾಂತಗಳನ್ನು ಚೆನ್ನಾಗಿ ಬಲ್ಲವರು ಇಳಿವಯಸ್ಸಿನಲ್ಲಿ ಹೀಗೆ ತಮ್ಮ ಸೀಮೆಯ ಕವಿಯ ಮುಂದೆ ಬಂದು ಕೂತದ್ದು ಸಣ್ಣ ಸಂಗತಿಯಲ್ಲ.

ಇವರೆಲ್ಲ ಹೆಸರು ಪಡೆದವರು. ಹೆಸರಿಲ್ಲದ ಓದುಗರ ಗತಿ ಏನು? ಧಾರವಾಡದಲ್ಲಿ 1933ರಲ್ಲಿ ಜಿ.ಬಿ. ಜೋಶಿಯವರು ಆರಂಭಿಸಿದ ಮನೋಹರ ಗ್ರಂಥಮಾಲೆ ಚಂದಾದಾರರ ಬಲದಿಂದ ನಡೆದದ್ದು. ಪುಸ್ತಕ ಅಂಚೆಯಲ್ಲಿ ಹೋಗುತ್ತಿತ್ತು. ಅದನ್ನು ಬಿಚ್ಚಿ ಲಾಟೀನಿನ ಬೆಳಕಿನಲ್ಲಿ ಓದಿದ ಶಾಲೆಯ ಮಾಸ್ತರು, ಅವರಿಂದ ಕಡ ಪಡೆದ ನೆರೆಮನೆಯವರು ಏನಂದುಕೊಂಡರು ಎಂಬುದು ಯಾವ ಚರಿತ್ರೆಯಲ್ಲಿಯೂ ದಾಖಲಾಗುವುದಿಲ್ಲ.

ಆದರೆ ಹಿರೇಕೆರೂರಿನ ಕಡೆ ಅಂಥವರ ಮಾತು ಉಳಿದ ಒಂದು ಬಗೆ ಕಾಣುತ್ತದೆ. ಅಲ್ಲಿಯ ಅಬಲೂರು ಸರ್ವಜ್ಞನ ಊರೆಂದು ಪ್ರತೀತಿ. ಆತನ ತ್ರಿಪದಿಗಳು ಬಹುಕಾಲ ಜನರ ಬಾಯಲ್ಲಿ, ಅಲ್ಲಲ್ಲಿ ಹಸ್ತಪ್ರತಿಗಳಲ್ಲಿ ಚದರಿಹೋಗಿದ್ದವು. ರೆವರೆಂಡ್ ಉತ್ತಂಗಿ ಚನ್ನಪ್ಪನವರು (1881–1962) ಅವನ್ನು ವರ್ಷಗಟ್ಟಲೆ ಕೂಡಿಹಾಕಿ 1924ರಲ್ಲಿ ಅಚ್ಚು ಹಾಕಿಸಿದರು. ಒಬ್ಬ ಕ್ರೈಸ್ತ ಪಾದ್ರಿ ಊರೂರಿನವರ ಬಾಯಿಂದ ಸರ್ವಜ್ಞನನ್ನು ಕೇಳಿ ಬರೆದುಕೊಂಡದ್ದು ಕನ್ನಡದ ಓದಿನ ಚರಿತ್ರೆಯ ಸೊಗಸಾದ ಅಧ್ಯಾಯ. ಆ ರಾಶಿಯಲ್ಲಿ ಎಲ್ಲವೂ ಸರ್ವಜ್ಞನದಲ್ಲ. ಕೇಳಿದವರಿಗೆ ಮಾತು ಹಿಡಿಸಿದಾಗ ಅದೇ ಧಾಟಿಯಲ್ಲಿ ತಮ್ಮದೊಂದನ್ನು ಕಟ್ಟಿ, ತಮ್ಮ ಹೆಸರು ಹಾಕದೆ, ಕೊನೆಗೆ ‘ಸರ್ವಜ್ಞ’ ಎಂದು ಅಂಕಿತ ಸೇರಿಸಿಬಿಟ್ಟಿದ್ದಾರೆ. ಒಂದಕ್ಕೊಂದು ವಿರುದ್ಧವಾಗಿ ಮಾತನಾಡುವ ತ್ರಿಪದಿಗಳೂ ಒಂದೇ ಅಂಕಿತದಲ್ಲಿವೆ. ಯಾವುದು ಕವಿಯದು, ಯಾವುದು ಕೇಳಿದವರ ಮರುಮಾತು ಎಂದು ಬಿಡಿಸುವ ಕೆಲಸ ವಿದ್ವಾಂಸರಿಗೆ ಇಂದಿಗೂ ಮುಗಿದಿಲ್ಲ.