ಕೈಯ ಓಟ, ಕಾಲದ ನಿಲುವು
(ಬಾನುಲಿ ಭಾಷಣ)

ಮೂವತ್ತು ವರ್ಷಕ್ಕೂ ಮಿಕ್ಕಿ ಕನ್ನಡ ಪಾಠ ಹೇಳಿ ನಿವೃತ್ತನಾದ ಮೇಷ್ಟರೊಬ್ಬ ಗಿಟಾರ್ ವಾದ್ಯದ ವಿಷಯವಾಗಿ ಮಾತನಾಡಲು ಹೊರಟರೆ ಕೇಳುವವರಿಗೆ ನಗು ಬಂದೀತು. ಬರಲಿ, ನನಗೂ ಮೊದಮೊದಲು ಬಂದಿತ್ತು. ಹರಿಹರ, ಕುಮಾರವ್ಯಾಸ, ಶಬ್ದಮಣಿದರ್ಪಣ ಎಂದು ಆಯುಷ್ಯ ಕಳೆದವನ ಎಡಗೈ ಬೆರಳ ತುದಿಗಳು ಈಗ ತಂತಿಯನ್ನು ಒತ್ತಿ ಒತ್ತಿ ಜಡ್ಡುಗಟ್ಟಿವೆ. ನಾನು ಗಿಟಾರ್ ವಾದಕನಲ್ಲ; ಆಗುವ ವಯಸ್ಸೂ ಇದಲ್ಲ. ಆದರೆ ಆ ವಾದ್ಯದಲ್ಲಿ ವೇಗವಾದ ಲಯವನ್ನು ಕದಲದಂತೆ ಹಿಡಿದು ನಡೆಸುವುದು ಹೇಗೆ ಎಂಬ ಒಂದೇ ಪ್ರಶ್ನೆಯ ಬೆನ್ನು ಹತ್ತಿ ಹೋದಾಗ, ನಾನು ಕಲಿಸಿದ ಪಾಠವೇ ನನಗೆ ಹೊಸದಾಗಿ ಅರ್ಥವಾಯಿತು. ಅದನ್ನು ಹೇಳಿಕೊಳ್ಳುವ ಆಸೆಯಿಂದ ನಿಮ್ಮ ಮುಂದೆ ಬಂದಿದ್ದೇನೆ.

ನಮ್ಮದು ತುಮಕೂರಿನ ಬಳಿಯ ಹಿರೇಹಳ್ಳಿ. ಮಗಳ ಮಗ ತುಮಕೂರಿನಲ್ಲಿ ಎಂಜಿನಿಯರಿಂಗ್ ಓದುವುದಕ್ಕೆಂದು ನಮ್ಮ ಮನೆಯಲ್ಲಿಯೇ ಇದ್ದಾನೆ. ಅವನ ಜೊತೆಗೆ ಒಂದು ಗಿಟಾರೂ ಬಂದು ಮಹಡಿಯ ಕೋಣೆಯಲ್ಲಿ ನೆಲಸಿತು. ಸಂಜೆಯ ಹೊತ್ತು ಅದರ ಸದ್ದು ಕೆಳಗಿಳಿದು ಬಂದಾಗ ನಾನು ಬಾಗಿಲು ಹಾಕಿಕೊಳ್ಳುತ್ತಿದ್ದೆ. ಹೋದ ವರ್ಷದ ರಾಜ್ಯೋತ್ಸವದಲ್ಲಿ ಊರಿನ ಹುಡುಗಿಯರು ಒಂದು ಭಾವಗೀತೆ ಹಾಡುವುದೆಂದೂ, ಅದಕ್ಕೆ ಇವನು ಗಿಟಾರ್ ನುಡಿಸುವುದೆಂದೂ ಗೊತ್ತಾಯಿತು. ಪಲ್ಲವಿ ಚೆನ್ನಾಗಿಯೇ ನಡೆಯಿತು. ಮೊದಲ ಚರಣದಲ್ಲಿ ಗತಿ ಸ್ವಲ್ಪ ಚುರುಕಾಯಿತು, ಎರಡನೆಯದರಲ್ಲಿ ಇನ್ನಷ್ಟು. ನಾನು ಹುಡುಗನಾಗಿದ್ದಾಗ ಸಣ್ಣ ಹಳಿಯ ರೈಲು ನಮ್ಮೂರ ನಿಲ್ದಾಣದಿಂದ ಹೊರಡುವಾಗ, ಹಳಿಗಳ ಸಂದಿನ ಮೇಲೆ ಗಾಲಿಗಳ ಸದ್ದು ಹತ್ತಿರ ಹತ್ತಿರವಾಗುತ್ತಾ ಹೋಗುತ್ತಿದ್ದಿತಲ್ಲ, ಹಾಗೆ. ಮೂರನೆಯ ಚರಣದ ಹೊತ್ತಿಗೆ ಹಾಡುವವರಿಗೆ ಉಸಿರು ಎಳೆದುಕೊಳ್ಳಲು ತೆರಪಿಲ್ಲದೆ ಹಾಡು ಮಧ್ಯದಲ್ಲಿ ಮುರಿದು ನಿಂತಿತು. ಸಭೆ ನಕ್ಕಿತು. ಮುಂದಿನ ಸಾಲಿನಲ್ಲಿ ಕುಳಿತಿದ್ದ ನಾನೂ ನಕ್ಕೆನೆಂಬುದನ್ನು ಇಲ್ಲಿ ಮುಚ್ಚಿಡಬಾರದು. ಹುಡುಗ ಅದನ್ನು ನೋಡಿದ. ಮನೆಗೆ ಬಂದವನೇ ಗಿಟಾರನ್ನು ಅಟ್ಟಕ್ಕೆ ಏರಿಸಿದ. ಮೂರು ವಾರ ಮನೆ ನಿಶ್ಶಬ್ದವಾಗಿತ್ತು. ನಾನು ಬಯಸುತ್ತಿದ್ದ ಆ ಮೌನ ಬಂದಾಗ ಅದು ನನ್ನ ಕಿವಿಗೆ ಹಿತವಾಗಲಿಲ್ಲ.

ನಮ್ಮ ಕಡೆ ಹಳ್ಳಿಗಳಲ್ಲಿ ಏಕತಾರಿ ಹಿಡಿದು ತತ್ತ್ವಪದ ಹಾಡುವವರು ಇನ್ನೂ ಅಲ್ಲಲ್ಲಿ ಇದ್ದಾರೆ. ಅಂಥ ಹಿರಿಯರೊಬ್ಬರು ಆ ಸಭೆಯಲ್ಲಿದ್ದರು. ದಾರಿಯಲ್ಲಿ ಸಿಕ್ಕಾಗ ನಾನೇ ಮಾತು ತೆಗೆದು, "ಹುಡುಗನ ಬೆರಳು ಇನ್ನೂ ಪಳಗಿಲ್ಲ" ಎಂದೆ. ಅವರು, "ಬೆರಳಿಗೇನೂ ಆಗಿಲ್ಲ ಮೇಷ್ಟ್ರೇ. ಮಗಾ ಉಸಿರು ಕಟ್ಕೊಂಡು ಬಾರಿಸ್ತಾ ಇತ್ತು. ಉಸಿರು ಕಟ್ಟಿದೋನು ದಡಕ್ಕೆ ಓಡ್ತಾನೆ" ಎಂದು ಹೇಳಿ ಹೊರಟುಹೋದರು. ಒಂದೇ ತಂತಿಯನ್ನು ಒಂದೇ ಬೆರಳಿನಿಂದ ಇಡೀ ರಾತ್ರಿ ಮೀಟಿಯೂ ಬೆಳಗಿನ ಜಾವ ಅದೇ ನಡಿಗೆಯಲ್ಲಿರುವ ಮನುಷ್ಯನ ಮಾತು ಅದು, ಹಗುರವಾಗಿ ತೆಗೆದುಕೊಳ್ಳುವಂತಿರಲಿಲ್ಲ.

ಅಂದು ಸಂಜೆ ನಾನು ಮೊಮ್ಮಗನನ್ನು ಕರೆದು, "ಅದನ್ನು ಅಟ್ಟದಿಂದ ಇಳಿಸಪ್ಪ, ನನಗೆ ಹೇಳಿಕೊಡು" ಎಂದೆ. ಹಾಸ್ಯ ಮಾಡುತ್ತಿದ್ದೇನೆಂದು ಭಾವಿಸಿ, "ಬೇಡ ತಾತ, ಬಿಡಿ" ಎಂದ. ನಾನು ಬಿಡಲಿಲ್ಲ. ಎರಡು ದಿನ ಕಾಡಿದ ಮೇಲೆ ಇಳಿಸಿದ.

ಗಿಟಾರಿಗೆ ಆರು ತಂತಿ. ಎಡಗೈ ಬೆರಳುಗಳು ಮೆಟ್ಟಿಲುಗಳ ನಡುವೆ ತಂತಿಗಳನ್ನು ಒತ್ತಿ ಸ್ವರಗಳ ಕೂಟವನ್ನು, ಎಂದರೆ ಕಾರ್ಡನ್ನು, ಹಿಡಿಯುತ್ತವೆ. ಬಲಗೈ ಸಣ್ಣ ಪಿಕ್ಕಿನಿಂದ ಎಲ್ಲ ತಂತಿಗಳನ್ನೂ ಒಟ್ಟಾಗಿ ಮೇಲಿನಿಂದ ಕೆಳಕ್ಕೂ ಕೆಳಗಿನಿಂದ ಮೇಲಕ್ಕೂ ಸವರುತ್ತದೆ. ಕೆಳಮೀಟು, ಮೇಲ್ಮೀಟು ಎಂದು ಕರೆಯೋಣ. ನೋಡಲು ಇಷ್ಟೇ. ಮಾಡಹೊರಟಾಗ ನನ್ನ ತೋಳು ಇಡಿಯಾಗಿ ಬೀಸುತ್ತಿತ್ತು. ಭುಜ ಕಿವಿಯ ತನಕ ಏರುತ್ತಿತ್ತು. ಪಿಕ್ಕು ತಂತಿಗಳ ನಡುವೆ ನೇಗಿಲಿನಂತೆ ಇಳಿದು ಸಿಕ್ಕಿಕೊಳ್ಳುತ್ತಿತ್ತು. ಹುಡುಗ ತಾಳ್ಮೆಯಿಂದ ತಿದ್ದಿದ. ವೇಗ ಬೇಕಾದರೆ ಬೀಸು ಕಿರಿದಾಗಬೇಕು, ತೋಳಿನ ಕೆಲಸವನ್ನು ಮಣಿಕಟ್ಟು ಮಾಡಬೇಕು, ಪಿಕ್ಕಿನ ತುದಿ ತಂತಿಯನ್ನು ಸೋಕಿ ಹೋಗಬೇಕು. ಎಡಗೈಯನ್ನು ತಂತಿಗಳ ಮೇಲೆ ಸುಮ್ಮನೆ ಇಟ್ಟು ಸ್ವರವೇಳದಂತೆ ಮಾಡಿ, ಬರಿಯ 'ಚಿಕ್ ಚಿಕ್' ಸದ್ದಿನಲ್ಲಿ ಬಲಗೈಯನ್ನು ಮಾತ್ರ ಪಳಗಿಸಬೇಕು. ಇವೆಲ್ಲವನ್ನೂ ಅವನು ಬಲ್ಲ. ಬಲ್ಲವನೇ ವೇದಿಕೆಯ ಮೇಲೆ ಏಕೆ ಓಡಿದ? ಕುತೂಹಲ ಅಲ್ಲಿಂದ ಮೊದಲಾಯಿತು.

ಅವನು ಹೇಳಿದ ಇನ್ನೊಂದು ಮಾತು ನನ್ನನ್ನು ತಡೆದು ನಿಲ್ಲಿಸಿತು. "ತಾತ, ಕೈ ನಿಲ್ಲಬಾರದು. ತಂತಿ ಮುಟ್ಟದೆ ಇರುವ ಕಡೆಯೂ ಕೈ ಗಾಳಿಯಲ್ಲಿ ಹೋಗಿಬರುತ್ತಲೇ ಇರಬೇಕು." ಎಂದರೆ, ಕೈ ಗಡಿಯಾರದ ಲೋಲಕದಂತೆ ಸಮವಾಗಿ ಆಡುತ್ತಿರುತ್ತದೆ, ಎಲ್ಲಿ ತಂತಿಯನ್ನು ಮುಟ್ಟುತ್ತದೆ, ಎಲ್ಲಿ ಮುಟ್ಟದೆ ಹಾಯುತ್ತದೆ ಎಂಬುದರಿಂದ ಲಯದ ವಿನ್ಯಾಸ ಹುಟ್ಟುತ್ತದೆ. ಇದನ್ನು ಕೇಳಿದಾಗ ನನ್ನೊಳಗಿನ ಛಂದಸ್ಸಿನ ಮೇಷ್ಟ್ರು ಎದ್ದು ಕುಳಿತ. ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು. ಹಾಗಾದರೆ ಲಘುವೆಂದರೆ ಒಂದು ಮೀಟು. ಗುರುವೆಂದರೆ ಒಂದು ಮೀಟು ಮತ್ತು ಅದರ ಹಿಂದೆ ಸದ್ದಿಲ್ಲದ ಒಂದು ಬೀಸು! ಮಂದಾನಿಲ ರಗಳೆಯ ಸಾಲಿನಲ್ಲಿ ನಾಲ್ಕು ಮಾತ್ರೆಯ ನಾಲ್ಕು ಗಣ, ಒಟ್ಟು ೧೬ ಮಾತ್ರೆ. ಹುಡುಗ ನಾಲ್ಕು ಎಣಿಕೆಯ ಒಂದು ಆವರ್ತದಲ್ಲಿ ಎಣಿಕೆಗೆ ನಾಲ್ಕರಂತೆ ಕೈಯಾಡಿಸಿದರೆ ಅದೂ ೧೬. ಕಪ್ಪುಹಲಗೆಯ ಮೇಲೆ ನಾನು ಎಷ್ಟೋ ಸಲ ಪ್ರಸ್ತಾರ ಹಾಕಿದ ಸಾಲುಗಳು ಈಗ ಕೈಗೆ ಬರತೊಡಗಿದವು.

ಇಲ್ಲಿ ಒಂದು ಸ್ವಾರಸ್ಯವನ್ನು ಹೇಳಬೇಕು. ಮಾತ್ರಾಗಣದ ಮೊದಲಲ್ಲಿ ಲಘುವಿನ ಹಿಂದೆಯೇ ಗುರು ಬರಬಾರದು, ಬಂದರೆ ಗತಿ ಕೆಡುತ್ತದೆ ಎಂದು ನಮ್ಮಲ್ಲಿ ನಿಯಮವಿದೆ. ಅದನ್ನು ನಿಯಮವೆಂದೇ ಕಲಿತು ನಿಯಮವೆಂದೇ ಕಲಿಸಿದೆ. ಗಿಟಾರಿನ ಮೇಲೆ ಅದನ್ನು ನುಡಿಸಲು ಹೋದಾಗ ಕಾರಣ ಕೈಗೇ ತಿಳಿಯಿತು. ಲಘುವಿಗೆ ಕೆಳಮೀಟು, ಗುರುವಿಗೆ ಮೇಲ್ಮೀಟು, ಗುರುವಿನ ಎರಡನೆಯ ಮಾತ್ರೆಗೆ ಕೈ ಮತ್ತೆ ಕೆಳಗಿಳಿಯುವಾಗ ಸದ್ದು ಮಾಡದೆ ಇಳಿಯಬೇಕು. ಭಾರ ಬೀಳುವ ಕಡೆ ಮೌನ; ಹಗುರವಾದ ಕಡೆ ಒತ್ತು. ಕೈ ಅಲ್ಲಿ ಎಡವುತ್ತದೆ. ಪಾಶ್ಚಾತ್ಯ ಲಯಗಳು ಆ ಎಡವನ್ನೇ ಬೇಕೆಂದು ತಂದು ಚಮತ್ಕಾರ ಮಾಡುತ್ತವೆ. ನಮ್ಮ ಲಾಕ್ಷಣಿಕರು ಅದನ್ನು ದೂರವಿಟ್ಟರು.

ಇನ್ನು ಭಾಮಿನಿ. ಮೂರು, ನಾಲ್ಕು, ಮೂರು, ನಾಲ್ಕು ಎಂದು ನಡೆಯುವ ಆ ಗತಿ ಸಂಗೀತಗಾರರ ಮಿಶ್ರ ಛಾಪುವಿಗೆ ನೆಂಟ. ಏಳು ಬೆಸಸಂಖ್ಯೆ. ಮೊದಲ ಏಳು ಮಾತ್ರೆ ಕೆಳಮೀಟಿನಿಂದ ಆರಂಭವಾದರೆ ಮುಂದಿನ ಏಳು ಮೇಲ್ಮೀಟಿನಿಂದ ಆರಂಭವಾಗಬೇಕಾಗುತ್ತದೆ. ಪ್ರತಿ ಗಣವನ್ನೂ ಕೆಳಮೀಟಿನಿಂದಲೇ ಆರಂಭಿಸುತ್ತೇನೆಂದು ಹಟ ಹಿಡಿದರೆ, ಎರಡು ಕೆಳಮೀಟುಗಳ ನಡುವೆ ಕೈ ಅವಸರದಿಂದ ಮೇಲಕ್ಕೆ ಮರಳಬೇಕು. ನಿಧಾನದಲ್ಲಿ ಇದು ನಡೆಯುತ್ತದೆ; ವೇಗದಲ್ಲಿ ಮುರಿಯುತ್ತದೆ. ವೇಗ ಬೇಕೆನ್ನುವವನು ಕೈಯ ಸಮವಾದ ಆಟವನ್ನು ಒಪ್ಪಿಕೊಂಡು, ಮೇಲ್ಮೀಟಿಗೂ ಒತ್ತು ಕೊಡುವುದನ್ನು ಕಲಿಯಬೇಕು. ನಾನು ಇದನ್ನು ಇನ್ನೂ ಕಲಿಯುತ್ತಿದ್ದೇನೆ.

ಮೌನಕ್ಕೂ ಲೆಕ್ಕವುಂಟು ಎಂಬುದು ಕನ್ನಡ ಕವಿತೆಗೆ ಹೊಸ ಸಂಗತಿಯೇನೂ ಅಲ್ಲ. ನಮ್ಮ ಜಿಲ್ಲೆಯ ಸಂಪಿಗೆಯಲ್ಲಿ ೧೮೮೪ರಲ್ಲಿ ಹುಟ್ಟಿದ ಬಿ. ಎಂ. ಶ್ರೀಕಂಠಯ್ಯನವರು 'ಇಂಗ್ಲಿಷ್ ಗೀತಗಳು' ಸಂಕಲನದಲ್ಲಿ ತಂದ ಹೊಸ ಮಟ್ಟುಗಳನ್ನು ವಿವರಿಸುವಾಗ ವಿದ್ವಾಂಸರು ಮುಡಿಯ ಮಾತನ್ನು ಆಡುತ್ತಾರೆ. ತಾಳದ ಪೆಟ್ಟು ಬೀಳುವ ಮುನ್ನ ಬರುವ ಅಕ್ಷರಗಳವು. ಸಾಲಿನ ಕೊನೆಯಲ್ಲಿ ಅಕ್ಷರವಿಲ್ಲದೆಯೂ ಕಾಲ ಓಡುತ್ತಿರುವ ತೆರಪಿನ ಮಾತನ್ನೂ ಆಡುತ್ತಾರೆ. ಆ ತೆರಪನ್ನು ನುಂಗಿ ಓದಿದರೆ ಅಕ್ಷರವೊಂದೂ ತಪ್ಪದೆ ಕವಿತೆ ಕೆಡುತ್ತದೆ. ನನ್ನ ಮೊಮ್ಮಗ ವೇದಿಕೆಯ ಮೇಲೆ ಮಾಡಿದ್ದು ಇದನ್ನೇ. ಪ್ರತಿ ಸಾಲಿನ ಕೊನೆಯ ತೆರಪನ್ನು ಅವನು ಕೂದಲೆಳೆಯಷ್ಟು ಕತ್ತರಿಸಿದ್ದ; ಕತ್ತರಿಸಿದ್ದೆಲ್ಲ ಕೂಡಿ ಓಟವಾಯಿತು. ಅವನು ತನ್ನ ಅಭ್ಯಾಸವನ್ನು ಫೋನಿನಲ್ಲಿ ಮುದ್ರಿಸಿ ಕೇಳಿದಾಗ ನಮ್ಮಿಬ್ಬರಿಗೂ ಇದು ಸ್ಪಷ್ಟವಾಯಿತು. ತೆರಪು ಬಂದ ಕಡೆಯಲ್ಲೆಲ್ಲ ಅವನು ಉಸಿರು ಹಿಡಿಯುತ್ತಿದ್ದ. ಏಕತಾರಿಯವರ ಮಾತು ನಿಜವಾಗಿತ್ತು.

ರೋಗ ತಿಳಿಯಿತು, ಮದ್ದೇನು? ಮದ್ದು ನಮ್ಮ ಸಂಗೀತದ ಮೊದಲ ಪಾಠದಲ್ಲಿಯೇ ಇದೆ. ಪುರಂದರದಾಸರು ಹಾಕಿಕೊಟ್ಟರೆಂದು ಸಂಪ್ರದಾಯ ಹೇಳುವ ಸರಳೆ ವರಸೆಯನ್ನು ಮಕ್ಕಳು ಮೂರು ಕಾಲಗಳಲ್ಲಿ ಹಾಡುತ್ತಾರೆ. ಮೊದಲ ಕಾಲದಲ್ಲಿ ತಾಳದ ಒಂದು ಎಣಿಕೆಗೆ ಒಂದು ಸ್ವರ, ಎರಡನೆಯದರಲ್ಲಿ ಎರಡು, ಮೂರನೆಯದರಲ್ಲಿ ನಾಲ್ಕು. ತಾಳ ಹಾಕುವ ಕೈ ಮಾತ್ರ ಮೂರು ಕಾಲದಲ್ಲಿಯೂ ಒಂದೇ ನಡೆಯಲ್ಲಿರುತ್ತದೆ. ವೇಗವನ್ನು ಹೆಚ್ಚಿಸುವುದಕ್ಕೆ ತಾಳವನ್ನು ಓಡಿಸಬೇಕಿಲ್ಲ. ನಿಂತ ತಾಳದೊಳಗೆ ಹೆಚ್ಚು ಸ್ವರಗಳಿಗೆ ಜಾಗ ಮಾಡಬೇಕು. ಇದನ್ನು ಬಲ್ಲವನಿಗೆ ದ್ರುತವೂ ಒಂದು ಬಗೆಯ ನಿಧಾನವೇ.

ನಾವು ಹಾಗೆಯೇ ಮಾಡಿದೆವು. ೧೮೧೫ರಲ್ಲಿ ಮೆಲ್ಝೆಲ್ ಎಂಬಾತ ಹಕ್ಕುಪತ್ರ ಪಡೆದ ಮೆಟ್ರೊನೋಮ್ ಎಂಬ ತಾಳಯಂತ್ರ ಈಗ ಫೋನಿನೊಳಗೆ ಬಂದು ಕುಳಿತಿದೆ. ಅದನ್ನು ನಿಮಿಷಕ್ಕೆ ೬೦ ಪೆಟ್ಟಿಗೆ ಇಟ್ಟೆವು. ಕಾಲಿನಲ್ಲಿ ಆ ಪೆಟ್ಟು; ಕೈಯಲ್ಲಿ ಮೊದಲು ಪೆಟ್ಟಿಗೆ ಒಂದು ಮೀಟು, ಆಮೇಲೆ ಎರಡು, ಆಮೇಲೆ ನಾಲ್ಕು. ನಾಲ್ಕಾದಾಗ ನಿಮಿಷಕ್ಕೆ ೨೪೦ ಮೀಟು. ಭುಜ ಬಿಗಿಯಾಯಿತೋ, ಉಸಿರು ನಿಂತಿತೋ, ಅಲ್ಲಿಗೆ ನಿಲ್ಲಿಸಿ ಹಿಂದಕ್ಕೆ ಬರುವುದು. ಸಲೀಸಾದ ಮೇಲೆ ೬೪, ೬೮ ಎಂದು ಏರುವುದು. ಹುಡುಗ ಈಗ ೧೨೦ರಲ್ಲಿ ಪೆಟ್ಟಿಗೆ ನಾಲ್ಕನ್ನು ನುಡಿಸುತ್ತಾನೆ. ಕ್ಷಣಕ್ಕೆ ಎಂಟು ಮೀಟು. ಅವನಿಗೆ ಅದಕ್ಕಿಂತ ಕಷ್ಟವಾದದ್ದು ೪೦ಕ್ಕೆ ಇಳಿಸಿ ಪೆಟ್ಟಿಗೆ ಒಂದೇ ಮೀಟನ್ನು ನುಡಿಸುವುದು. ಎರಡು ಪೆಟ್ಟುಗಳ ನಡುವಣ ಆ ಬಯಲಿನಲ್ಲಿ ಅವನ ಕೈ ಮುಂಚಿತವಾಗಿಯೇ ಬೀಳುತ್ತಿತ್ತು. ಕಾಯಲಾರದವನಿಗೆ ಓಟವೂ ಬಾರದು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ಈ ಅಭ್ಯಾಸದ ನಡುವೆ ನನಗೆ ಮೈಸೂರಿನ ದಿನಗಳು ನೆನಪಾದವು. ಎಂ. ಎ. ಓದುವಾಗ ವೀಣೆ ದೊರೆಸ್ವಾಮಿ ಅಯ್ಯಂಗಾರ್ಯರ ತಾನವನ್ನು ಕೇಳಿದ್ದೆ. ವೀಣೆ ಶೇಷಣ್ಣನವರಂಥವರಿಂದ ಮೆರೆದ ಮೈಸೂರು ಬಾನಿಯನ್ನು ಬಾನುಲಿಯ ಮೂಲಕ ಮನೆಮನೆಗೆ ಮುಟ್ಟಿಸಿದವರಲ್ಲಿ ಅವರು ಹಿರಿಯರು. ತಾನಕ್ಕೆ ತಾಳವಿಲ್ಲ, ಮೃದಂಗವಿಲ್ಲ. ಆದರೂ ಅದಕ್ಕೊಂದು ನಾಡಿ ಮಿಡಿತವಿದೆ. ಬೆರಳುಗಳು ನಾಲ್ಕು ನುಡಿಸುವ ತಂತಿಗಳ ಮೇಲೆ ಎಷ್ಟೇ ಚುರುಕಾಗಿ ಓಡಲಿ, ಕಿರುಬೆರಳು ಪಕ್ಕದ ಮೂರು ತಾಳದ ತಂತಿಗಳನ್ನು ಆಗಾಗ ಮೇಲ್ಮುಖವಾಗಿ ಮೀಟಿ ಆ ಮಿಡಿತವನ್ನು ಕಾಯುತ್ತಿರುತ್ತದೆ. ಅಂದು ನಾನು ಓಡುವ ಬೆರಳುಗಳನ್ನು ನೋಡಿ ಬೆರಗಾಗಿದ್ದೆ. ಕಿರುಬೆರಳನ್ನು ನೋಡಬೇಕಾಗಿತ್ತೆಂದು ಈಗ ತೋರುತ್ತದೆ.

ಇಷ್ಟು ಹೇಳಿದ ಮೇಲೆ ನನ್ನ ತಪ್ಪೊಂದನ್ನು ಹೇಳದೆ ಮುಗಿಸಲಾರೆ. ನಾನು ಗದುಗಿನ ಭಾರತವನ್ನು ಪಾಠ ಮಾಡಿದ್ದೇನೆ. ಪ್ರಸ್ತಾರ ಹಾಕುವುದರಲ್ಲಿ ಗಟ್ಟಿಗನೆಂದು ಹೆಸರಿತ್ತು. ಒಮ್ಮೆ ತರಗತಿಯಲ್ಲಿ ಹಿಂದಿನ ಬೆಂಚಿನ ವಿದ್ಯಾರ್ಥಿನಿಯೊಬ್ಬಳು ಎದ್ದು, "ಸಾರ್, ಒಂದು ಸಲ ನಿಧಾನವಾಗಿ ಓದಿ ತೋರಿಸುತ್ತೀರಾ?" ಎಂದು ಕೇಳಿದಳು. ಪರೀಕ್ಷೆ ಹತ್ತಿರವಿತ್ತು, ಪಠ್ಯ ಮುಗಿದಿರಲಿಲ್ಲ. "ಹೊತ್ತಿಲ್ಲಮ್ಮ, ಅರ್ಥ ಬರೆದುಕೋ" ಎಂದೆ. ಆ ವರ್ಷ ಮಾತ್ರವಲ್ಲ, ಪ್ರತಿ ವರ್ಷವೂ ನನಗೆ ಹೊತ್ತಿರಲಿಲ್ಲ. ಗಮಕಿಗಳು ಒಂದು ಪದ್ಯದ ಮೇಲೆ ನಿಂತು ನಿಂತು ಹೋಗುವುದನ್ನು ಕೇಳಿ ತಲೆದೂಗಿ, ತರಗತಿಗೆ ಬಂದು ಅದೇ ಪದ್ಯದ ತೆರಪುಗಳನ್ನೆಲ್ಲ ನುಂಗಿ ಓದಿದವನು ನಾನು. ವೇದಿಕೆಯ ಮೇಲೆ ಹುಡುಗ ಓಡಿದಾಗ ನಕ್ಕೆನಲ್ಲ, ನಾನು ಮೂವತ್ತು ವರ್ಷ ಹಾಗೆಯೇ ಓಡಿದ್ದೆ. ನಗುವವರು ಇರಲಿಲ್ಲ, ಅಷ್ಟೆ.

ಇದನ್ನು ಮೊಮ್ಮಗನಿಗೂ ಹೇಳಿದೆ. ಅಂದು ಸಭೆಯಲ್ಲಿ ನಕ್ಕದ್ದಕ್ಕೆ ಬೇಸರವಾಗಿದೆಯೆಂದೂ ಹೇಳಿದೆ. ಅವನು ತಲೆಯೆತ್ತದೆ ತಂತಿಯ ಶ್ರುತಿ ಸರಿಮಾಡುತ್ತಾ, "ಗೊತ್ತು ತಾತ. ಭಾಮಿನಿ ಹೇಳಿ, ನಾನು ಹಿಡಿಯುತ್ತೇನೆ" ಎಂದ. ನಾನು ನಿಧಾನವಾಗಿ ಒಂದು ಪದ್ಯ ಹೇಳಿದೆ. ಮೂರನೆಯ ಸಾಲಿನ ಕೊನೆಯ ಗುರುವಿನ ಹತ್ತಿರ ನಾನೇ ಅವಸರಪಟ್ಟೆ. ಅವನ ಕೈ ಅವಸರಪಡಲಿಲ್ಲ. ಗಾಳಿಯಲ್ಲಿ ಹೋಗಿ ಬಂದು ನನ್ನನ್ನು ಕಾದಿತು.

ಈ ವರ್ಷದ ರಾಜ್ಯೋತ್ಸವಕ್ಕೆ ಹುಡುಗಿಯರು ಅವನನ್ನು ಮತ್ತೆ ಕರೆದಿದ್ದಾರೆ. ನುಡಿಸುತ್ತೇನೆಂದು ಅವನು ಇನ್ನೂ ಒಪ್ಪಿಕೊಂಡಿಲ್ಲ, ನಾನು ಒತ್ತಾಯಿಸಿಲ್ಲ. ಗಿಟಾರಂತೂ ಅಟ್ಟದ ಮೇಲಿಲ್ಲ. ಸಂಜೆ ಅದರ ಸದ್ದು ಕೆಳಗಿಳಿದು ಬಂದಾಗ ನಾನೀಗ ಬಾಗಿಲು ತೆರೆದಿಟ್ಟು, ಕಾಲಿನಲ್ಲಿ ಎಣಿಕೆ ಹಾಕುತ್ತಾ ಕೂಡುತ್ತೇನೆ.