ಮಹಾನಗರದ ಬೆಳಕು ಮತ್ತು ಅದರ ಋಣ

(ಮಹೋತ್ಸವದ ವಿದ್ವತ್ಸಭೆಯಲ್ಲಿ ನಡೆದ ಉಪನ್ಯಾಸ)



ದೀಪವನ್ನು ಹಚ್ಚುವಾಗ ಅದರ ಎಣ್ಣೆ ಎಲ್ಲಿಂದ ಬಂದಿತೆಂಬುದನ್ನು ಹಿಂದಿನವರು ಚೆನ್ನಾಗಿ ಬಲ್ಲವರಾಗಿದ್ದರು. ಹೊಲದಲ್ಲಿ ಬೆಳೆದ ಹರಳು, ಊರ ಗಾಣದಲ್ಲಿ ಆಡಿಸಿದ ಎಣ್ಣೆ, ಮನೆಯಲ್ಲಿ ಹೊಸೆದ ಬತ್ತಿ, ಇವೆಲ್ಲವೂ ಕಣ್ಣೆದುರಿಗೇ ಇದ್ದುದರಿಂದ ಒಂದು ದೀಪಕ್ಕೆ ತಗಲುವ ಶ್ರಮವೆಷ್ಟೆಂಬುದು ಮಕ್ಕಳಿಗೂ ತಿಳಿದಿತ್ತು. ಈಗಲಾದರೋ ಗೋಡೆಯ ಮೇಲಿನ ಗುಂಡಿಯನ್ನು ಒತ್ತಿದ ಕ್ಷಣದಲ್ಲಿಯೇ ಬೆಳಕಾಗುವುದು. ಅದು ಎಲ್ಲಿ ಹುಟ್ಟಿತು, ಯಾರ ಹೊಲವನ್ನು ದಾಟಿ ಬಂದಿತು, ಯಾರ ಮನೆಯನ್ನು ಮುಳುಗಿಸಿ ಬಂದಿತು ಎಂಬ ಪ್ರಶ್ನೆಯು ಯಾರ ಮನಸ್ಸಿನಲ್ಲಿಯೂ ಏಳುವುದಿಲ್ಲ. ಈ ಪ್ರಶ್ನೆಯನ್ನು ಎತ್ತಿ ವಿಚಾರಿಸುವುದೇ ಇಂದಿನ ಉಪನ್ಯಾಸದ ಉದ್ದೇಶವಾಗಿದೆ.

ಒಂದು ಮಹಾನಗರಕ್ಕೆ ಸಲ್ಲಬೇಕಾದ ವಿದ್ಯುಚ್ಛಕ್ತಿಗೆ ಮೂರು ಲಕ್ಷಣಗಳಿರಬೇಕು. ಹಗಲಿರುಳು ಕಡಿಯದೆ ಬರತಕ್ಕದ್ದು ಮೊದಲನೆಯ ಲಕ್ಷಣ. ಬಡವನ ಕೈಗೆ ಎಟುಕುವ ಬೆಲೆಗೆ ದೊರೆಯತಕ್ಕದ್ದು ಎರಡನೆಯದು. ಗಾಳಿ, ನೀರು, ನೆಲಗಳನ್ನು ಕೆಡಿಸದೆ ಹುಟ್ಟತಕ್ಕದ್ದು ಮೂರನೆಯದು. ಇವುಗಳಲ್ಲಿ ಯಾವುದಾದರೊಂದನ್ನು ಸಾಧಿಸುವುದು ಅಷ್ಟು ಕಷ್ಟವಲ್ಲ. ಮೂರನ್ನೂ ಒಂದೇ ತಂತಿಯಲ್ಲಿ ತರುವುದು ಮಾತ್ರ ಬಹು ಕಷ್ಟವು. ಇದಕ್ಕೆ ದೃಷ್ಟಾಂತವಾಗಿ ಬೆಂಗಳೂರು ನಗರವನ್ನೇ ತೆಗೆದುಕೊಳ್ಳಬಹುದು.

ಮೈಸೂರು ಸಂಸ್ಥಾನದಲ್ಲಿ ದಿವಾನರಾಗಿದ್ದ ಸರ್ ಕೆ. ಶೇಷಾದ್ರಿ ಅಯ್ಯರವರ ಕಾಲದಲ್ಲಿ, ಕಾವೇರಿಯು ಶಿವನಸಮುದ್ರದಲ್ಲಿ ಧುಮುಕುವ ರಭಸವನ್ನು ಶಕ್ತಿಯನ್ನಾಗಿ ಮಾರ್ಪಡಿಸುವ ಯೋಜನೆಯು ಸಿದ್ಧವಾಯಿತು. ಇಂಜಿನಿಯರರಾದ ಲೊಟ್ಬಿನಿಯೇರ್ ಎಂಬವರು ಇದನ್ನು ಮುಂದೆ ನಿಂತು ನಡೆಯಿಸಿದರು. ಶೇಷಾದ್ರಿ ಅಯ್ಯರವರು 1901 ರಲ್ಲಿ ದಿವಂಗತರಾದುದರಿಂದ ತಮ್ಮ ಸಂಕಲ್ಪದ ಫಲವನ್ನು ಅವರು ಕಣ್ಣಾರೆ ಕಾಣಲಿಲ್ಲ. 1902 ರ ಜೂನ್ ತಿಂಗಳ ಕೊನೆಯಲ್ಲಿ ಅಲ್ಲಿಂದ ಸುಮಾರು 92 ಮೈಲಿ ದೂರದ ಕೋಲಾರದ ಚಿನ್ನದ ಗಣಿಗಳಿಗೆ ಶಕ್ತಿಯು ಹರಿಯಿತು. ಆ ಕಾಲಕ್ಕೆ ಅದು ಲೋಕದ ಅತಿ ದೀರ್ಘವಾದ ತಂತಿಮಾರ್ಗಗಳಲ್ಲೊಂದಾಗಿತ್ತು. ಇಲ್ಲಿ ಗಮನಿಸತಕ್ಕ ವಿಷಯವೊಂದುಂಟು. ಈ ಶಕ್ತಿಯು ಮೊದಲು ಹೋದುದು ಗಣಿಗೇ ಹೊರತು ಮನೆಗಲ್ಲ. ಬೆಂಗಳೂರಿನ ಬೀದಿಗಳಲ್ಲಿ ವಿದ್ಯುದ್ದೀಪಗಳು ಬೆಳಗಿದುದು ಮೂರು ವರ್ಷಗಳ ತರುವಾಯ, 1905 ರ ಆಗಸ್ಟ್ 5 ರಂದು. ಹಣ ತರುವ ಗಣಿಯು ಮೊದಲು, ಪ್ರಜೆಯ ಮನೆಯು ಆಮೇಲೆ, ಎಂಬ ಕ್ರಮವು ಅಂದೇ ಏರ್ಪಟ್ಟಿತೆನ್ನಬಹುದು.

1901 ರ ಜನಗಣತಿಯಲ್ಲಿ ಬೆಂಗಳೂರು ಮತ್ತು ದಂಡುಪ್ರದೇಶಗಳೆರಡೂ ಸೇರಿ ಸುಮಾರು 1 ಲಕ್ಷ 60 ಸಾವಿರ ಜನರಿದ್ದರು. 2011 ರ ಗಣತಿಯಲ್ಲಿ ಅದು 84 ಲಕ್ಷವನ್ನು ದಾಟಿತು. ಒಂದು ಜಲಪಾತದಿಂದ ಬೆಳಗಿದ ಊರು ನಾಲ್ಕೂ ದಿಕ್ಕುಗಳಿಂದ ಶಕ್ತಿಯನ್ನು ಬೇಡುವ ಊರಾಗಿ ಬೆಳೆಯಿತು.

ಕಡಿಯದೆ ಬರಬೇಕೆಂಬ ಮೊದಲನೆಯ ಲಕ್ಷಣವನ್ನು ಈಗ ವಿಚಾರಿಸೋಣ. ವಿದ್ಯುಚ್ಛಕ್ತಿಯು ಕಣಜದಲ್ಲಿ ತುಂಬಿಡತಕ್ಕ ಧಾನ್ಯದಂತಲ್ಲ. ಎಷ್ಟು ಬೇಕೋ ಅಷ್ಟೇ, ಬೇಕಾದ ಕ್ಷಣದಲ್ಲಿಯೇ ಹುಟ್ಟಬೇಕು. ಹುಟ್ಟುವಿಕೆಯೂ ಬಳಕೆಯೂ ತಕ್ಕಡಿಯ ಎರಡು ತಟ್ಟೆಗಳಂತೆ ಸದಾ ಸಮವಾಗಿರದಿದ್ದರೆ ಯಂತ್ರಗಳ ಗತಿಯೇ ತಪ್ಪುವುದು. ಹೀಗೆ ಗತಿ ತಪ್ಪಿದಾಗ ಏನಾಗುವುದೆಂಬುದನ್ನು 2012 ರ ಜುಲೈ 30 ಮತ್ತು 31 ರಂದು ಉತ್ತರಭಾರತವು ಕಂಡಿತು. ಒಂದು ಕಡೆಯ ತಂತಿಯಲ್ಲಿ ಭಾರ ಮಿತಿಮೀರಲು ಕೋಟ್ಯಂತರ ಜನರು ಕತ್ತಲೆಗೆ ಬಿದ್ದರು. ಶಕ್ತಿಯನ್ನು ಕೂಡಿಡಲಾಗದಿದ್ದರೂ ಶಕ್ತಿಯನ್ನು ಹುಟ್ಟಿಸುವ ನೀರನ್ನು ಕೂಡಿಡಬಹುದಷ್ಟೆ. ಬೇಸಗೆಯಲ್ಲಿ ಕಾವೇರಿಯು ಬಡವಾದಾಗ ಶಿವನಸಮುದ್ರದ ಯಂತ್ರಗಳೂ ಸೊರಗುತ್ತಿದ್ದವು. 1911 ರಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರ ಮುಂದಾಳುತನದಲ್ಲಿ ಕನ್ನಂಬಾಡಿಯ ಕಟ್ಟೆಯನ್ನು ಆರಂಭಿಸಿದುದಕ್ಕೆ ಬೆಳೆಗಳಿಗೆ ನೀರೊದಗಿಸುವುದು ಹೇಗೆ ಒಂದು ಕಾರಣವೋ, ಈ ಯಂತ್ರಗಳಿಗೆ ವರ್ಷವಿಡೀ ನೀರೊದಗಿಸುವುದೂ ಹಾಗೆಯೇ ಒಂದು ಕಾರಣವಾಗಿತ್ತು.

ತರುವಾಯ 1948 ರಲ್ಲಿ ಜೋಗದ ಬಳಿಯ ವಿದ್ಯುದಾಗಾರವೂ, 1964 ರಲ್ಲಿ ಲಿಂಗನಮಕ್ಕಿಯ ಕಟ್ಟೆಯೂ, ಅದರ ನೀರಿನಿಂದ ನಡೆಯುವ 1,035 ಮೆಗಾವ್ಯಾಟಿನ ಶರಾವತಿ ವಿದ್ಯುದಾಗಾರವೂ ಬಂದವು. ಬಹುಕಾಲ ನಾಡಿಗೆ ನೀರೇ ಬೆಳಕಾಗಿತ್ತು. ಹೊಗೆಯಿಲ್ಲ, ಬೂದಿಯಿಲ್ಲ, ಬೆಲೆಯೂ ಅಲ್ಪ. ಮೂರು ಲಕ್ಷಣಗಳೂ ಕೂಡಿಬಂದವೆಂದೇ ಜನರು ತಿಳಿದರು. ಆದರೆ ಮಳೆಯು ಕೈಕೊಟ್ಟ ವರ್ಷ ಈ ನಂಬಿಕೆಯೂ ಕೈಕೊಡುವುದು. 2023 ರಲ್ಲಿ ಮುಂಗಾರು ಸೋತು, ಜಲಾಶಯಗಳು ತುಂಬದೆ, ಅದೇ ಹೊತ್ತಿಗೆ ಒಣಗುವ ಬೆಳೆಯನ್ನು ಉಳಿಸಿಕೊಳ್ಳಲು ರೈತರು ಪಂಪುಸೆಟ್ಟುಗಳನ್ನು ಹೆಚ್ಚು ನಡೆಯಿಸಬೇಕಾಗಿ ಬಂದುದರಿಂದ, ಹುಟ್ಟುವಿಕೆ ಇಳಿದು ಬೇಡಿಕೆ ಏರಿತು. ಬರವೆಂಬುದು ಶಕ್ತಿಯ ಎರಡು ತುದಿಗಳನ್ನೂ ಒಮ್ಮೆಗೇ ಸುಡುವುದು.

ನೀರಿನ ಈ ಚಂಚಲತೆಗೆ ಪರಿಹಾರವಾಗಿ ಕಲ್ಲಿದ್ದಲು ಬಂದಿತು. ಕೃಷ್ಣಾತೀರದಲ್ಲಿ ರಾಯಚೂರಿನ ಶಾಖೋತ್ಪನ್ನ ಕೇಂದ್ರವು 1985 ರಲ್ಲಿ ನಡೆಯತೊಡಗಿ, ಕ್ರಮೇಣ 1,720 ಮೆಗಾವ್ಯಾಟಿನಷ್ಟಾಯಿತು. ಬಳ್ಳಾರಿ, ಯರಮರಸುಗಳಲ್ಲಿಯೂ ಕೇಂದ್ರಗಳಾದವು. ಮಳೆ ಬರಲಿ ಬಾರದಿರಲಿ, ಕಲ್ಲಿದ್ದಲಿರುವ ತನಕ ಇವು ನಡೆಯುವುವು. ಆದರೆ ನಾಡಿನಲ್ಲಿ ಕಲ್ಲಿದ್ದಲಿನ ಗಣಿಗಳಿಲ್ಲ. ಅದು ತೆಲಂಗಾಣ, ಒಡಿಶಾಗಳ ಕಡೆಯಿಂದ ರೈಲಿನಲ್ಲಿ ಬರತಕ್ಕದ್ದು. ಭಾರತದ ಕಲ್ಲಿದ್ದಲಿನಲ್ಲಿ ನೂರಕ್ಕೆ ಮೂವತ್ತು ನಲವತ್ತು ಪಾಲು ಬೂದಿಯೇ ಇರುವುದರಿಂದ, ಉರಿಸಿದ ಮೇಲೆ ಬೂದಿಯ ಬೆಟ್ಟವು ಅಲ್ಲಿಯೇ ಉಳಿಯುವುದು. ಒಂದು ಯೂನಿಟ್ಟು ಶಕ್ತಿಗೆ ಸುಮಾರು ಒಂದು ಕಿಲೋಗ್ರಾಮು ಇಂಗಾಲಾಮ್ಲವು ಆಕಾಶಕ್ಕೇರುವುದು. ದೀಪವು ಬೆಂಗಳೂರಿನಲ್ಲಿ, ಹೊಗೆಯು ರಾಯಚೂರಿನಲ್ಲಿ ಎಂದಾಯಿತು. ನಗರದಲ್ಲಿ ಬೆಳಕನ್ನು ಕಾಣುವವನಿಗೆ ಬೂದಿಯು ಕಾಣದು. ಬೂದಿಯನ್ನು ಉಸಿರಾಡುವವನಿಗೆ ಆ ಬೆಳಕಿನ ಬಹುಭಾಗವು ಕಾಣದು.

ಕೈಗಾದ ಪರಮಾಣು ಕೇಂದ್ರವನ್ನೂ ಇಲ್ಲಿ ಸ್ಮರಿಸಬೇಕು. ಅದರ ಮೊದಲನೆಯ ಯಂತ್ರವು 2018 ರ ಡಿಸೆಂಬರ್ 31 ರ ವರೆಗೆ ಒಮ್ಮೆಯೂ ನಿಲ್ಲದೆ 962 ದಿನಗಳು ನಡೆದು ಲೋಕದಲ್ಲಿಯೇ ಹೊಸ ದಾಖಲೆಯನ್ನು ಸ್ಥಾಪಿಸಿತು. ದೂರದ ಶಕ್ತಿಯನ್ನು ತರುವ ವಿದ್ಯೆಯೂ ಬೆಳೆದಿದೆ. ತಂತಿಯಲ್ಲಿ ಹರಿಯುವ ಪ್ರವಾಹವು ಹೆಚ್ಚಿದಷ್ಟೂ ಶಾಖವಾಗಿ ಸೋರುವ ನಷ್ಟವು ಅದರ ವರ್ಗದಂತೆ ಏರುವುದರಿಂದ, ಒತ್ತಡವನ್ನು ಏರಿಸಿ ಪ್ರವಾಹವನ್ನು ಇಳಿಸುವುದೇ ಇದರ ರಹಸ್ಯವು. 1902 ರಲ್ಲಿ 92 ಮೈಲಿ ಹಾದು ಕೋಲಾರಕ್ಕೆ ಶಕ್ತಿಯು ಬಂದುದನ್ನು ಲೋಕವು ಆಶ್ಚರ್ಯದಿಂದ ನೋಡಿತು. ನೂರು ವರ್ಷಗಳ ಮೇಲೆ, 2003 ರಲ್ಲಿ, ಒಡಿಶಾದ ತಾಲ್ಚೇರಿನಿಂದ 1,300 ಕಿಲೋಮೀಟರಿಗೂ ಮೇಲ್ಪಟ್ಟ ಮಾರ್ಗವು ಅದೇ ಕೋಲಾರದ ಸೀಮೆಗೆ ಬಂದು ಮುಟ್ಟಿತು. 2013 ರ ಡಿಸೆಂಬರ್ 31 ರಂದು ರಾಯಚೂರು-ಸೊಲ್ಲಾಪುರದ ಮಾರ್ಗದಿಂದ ದಕ್ಷಿಣದ ಜಾಲವು ಉಳಿದ ಭಾರತದ ಜಾಲದೊಡನೆ ಒಂದಾಯಿತು.

ಇನ್ನು ಸೂರ್ಯನ ಮಾತು. ಬರದ ಸೀಮೆಯೆಂದೇ ಹೆಸರಾದ ಪಾವಗಡದಲ್ಲಿ, ಐದು ಹಳ್ಳಿಗಳ ಸುಮಾರು 13,000 ಎಕರೆ ನೆಲದಲ್ಲಿ, 2,050 ಮೆಗಾವ್ಯಾಟಿನ ಸೌರಕ್ಷೇತ್ರವು 2019 ರ ಕೊನೆಗೆ ಪೂರ್ಣವಾಯಿತು. ಇದರ ವಿಶೇಷವೇನೆಂದರೆ, ರೈತರಿಂದ ನೆಲವನ್ನು ಕಿತ್ತುಕೊಳ್ಳಲಿಲ್ಲ, ಕೊಂಡುಕೊಳ್ಳಲೂ ಇಲ್ಲ. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ ಆರಂಭಿಸಿ, ಎರಡು ವರ್ಷಗಳಿಗೊಮ್ಮೆ ಹೆಚ್ಚುವ ಗೇಣಿಗೆ 28 ವರ್ಷಗಳ ಮಟ್ಟಿಗೆ ಪಡೆದರು. ಮಳೆಯನ್ನು ಕಾದು ಕಂಗೆಟ್ಟಿದ್ದ ಹಿಡುವಳಿದಾರನಿಗೆ ಇದು ನಿಶ್ಚಿತವಾದ ವರಮಾನವಾಯಿತು. ಆದರೆ ಹಿಡುವಳಿಯೇ ಇಲ್ಲದ ಕೂಲಿಕಾರನಿಗೆ, ಬಯಲಿನಲ್ಲಿ ಕುರಿ ಮೇಯಿಸುತ್ತಿದ್ದವನಿಗೆ ಗೇಣಿ ಎಲ್ಲಿಯದು? ಪತ್ರವುಳ್ಳವನಿಗೆ ಹಣ ಬಂದಿತು. ಬರಿಗೈಯವನಿಗೆ ಕೆಲಸವು ಹೋಯಿತು. ನಿರ್ಮಲವಾದ ಶಕ್ತಿಯಲ್ಲಿಯೂ ಇಂತಹ ಲೋಪವು ಸೇರಬಹುದೆಂಬುದನ್ನು ಮರೆಯಬಾರದು.

ಸೂರ್ಯನ ಶಕ್ತಿಗೆ ಸ್ವಭಾವಸಿದ್ಧವಾದ ಇನ್ನೊಂದು ಕೊರತೆಯುಂಟು. ಮಧ್ಯಾಹ್ನ ಅದು ತುಂಬಿ ತುಳುಕುವುದು. ಮನೆಮನೆಯಲ್ಲಿ ದೀಪ ಹತ್ತುವ ಸಂಜೆಗೆ ಇಲ್ಲವಾಗುವುದು. ಮಧ್ಯಾಹ್ನದ ಶಕ್ತಿಯನ್ನು ಸಂಜೆಗೆ ಉಳಿಸುವುದು ಹೇಗೆ? ಹಗಲಿನ ಶಕ್ತಿಯಿಂದ ಕೆಳಗಿನ ಜಲಾಶಯದ ನೀರನ್ನು ಮೇಲಿನದಕ್ಕೆ ಎತ್ತಿ, ಸಂಜೆ ಅದೇ ನೀರನ್ನು ಇಳಿಯಬಿಟ್ಟು ಯಂತ್ರವನ್ನು ತಿರುಗಿಸುವುದು ಒಂದು ಉಪಾಯವು. ಶರಾವತಿಯ ತಳಕಳಲೆ ಮತ್ತು ಗೇರುಸೊಪ್ಪೆಯ ಜಲಾಶಯಗಳ ನಡುವೆ ಇಂತಹ 2,000 ಮೆಗಾವ್ಯಾಟಿನ ಯೋಜನೆಯು ಸಿದ್ಧವಾಗಿ, 2025 ರಲ್ಲಿ ಅದರ ಮೇಲೆ ತೀವ್ರವಾದ ವಾದವಿವಾದಗಳು ನಡೆದವು. ಆ ಕಣಿವೆಯು ಸಿಂಗಳೀಕವೆಂಬ ಅಪರೂಪದ ಕಪಿಗೆ ಆಶ್ರಯವಾದ ರಕ್ಷಿತಾರಣ್ಯವು. ಸಂಜೆಯ ಬೆಳಕಿಗಾಗಿ ಕಾಡನ್ನು ಕೊಡಬೇಕೇ ಎಂಬ ಪ್ರಶ್ನೆಯನ್ನು ಹಗುರವಾಗಿ ಎಣಿಸುವಂತಿಲ್ಲ.

ಏಕೆಂದರೆ ಶರಾವತಿಯ ಜನರು ಒಮ್ಮೆ ಈಗಾಗಲೇ ಕೊಟ್ಟಿದ್ದಾರೆ. ಲಿಂಗನಮಕ್ಕಿಯ ನೀರು ಏರಿದಾಗ ಸಾವಿರಾರು ಕುಟುಂಬಗಳು ಅಡಕೆಯ ತೋಟ, ಗದ್ದೆ, ಮನೆ, ಹಿರಿಯರ ಸಮಾಧಿಗಳನ್ನು ಬಿಟ್ಟು ಎದ್ದುಹೋದವು. ನಾಡಿಗೆ ಬೆಳಕಾಗಲೆಂದು ಎದ್ದ ಅವರಲ್ಲಿ ಎಷ್ಟೋ ಮಂದಿಗೆ, ಹೋಗಿ ನೆಲಸಿದ ಭೂಮಿಯು ಅರಣ್ಯದ್ದೆಂಬ ಕಾರಣದಿಂದ, ಅರವತ್ತು ವರ್ಷಗಳು ಕಳೆದರೂ ಹಕ್ಕುಪತ್ರದ ತೊಡಕು ಬಗೆಹರಿಯಲಿಲ್ಲ. ಹಿನ್ನೀರಿನಾಚೆಯ ಕೆಲವು ಹಳ್ಳಿಗಳಿಗೆ, ಆ ನೀರಿನಿಂದಲೇ ಹುಟ್ಟಿದ ಬೆಳಕು ಬಹುಕಾಲ ತಲುಪಲಿಲ್ಲ. ತುಮರಿ, ಸಿಗಂದೂರುಗಳ ಕಡೆಯವರು ಸಾಗರದ ಪೇಟೆಗೆ, ಆಸ್ಪತ್ರೆಗೆ ಬರಲು ಲಾಂಚನ್ನೇ ಕಾಯಬೇಕಾಗಿತ್ತು. ಅಂಬಾರಗೋಡ್ಲು-ಕಳಸವಳ್ಳಿಗಳ ನಡುವಣ ಸೇತುವೆಯು ತೆರೆದುದು 2025 ರ ಜುಲೈ 14 ರಂದು. ರಾತ್ರಿ ಪ್ರಸವವೇದನೆಯಿಂದ ಬಳಲುವ ಹೆಣ್ಣುಮಗಳೊಬ್ಬಳನ್ನು ನೀರಿನ ಅಂಚಿನಲ್ಲಿ ಕುಳ್ಳಿರಿಸಿಕೊಂಡು ಬೆಳಗನ್ನು ಕಾಯುವ ಮನೆಯವರನ್ನು ಕ್ಷಣಮಾತ್ರ ನೆನೆಯಿರಿ. ಮಹಾನಗರದ ಬೆಲೆಪಟ್ಟಿಯಲ್ಲಿ ಈ ಕಾಯುವಿಕೆಗೆ ಬೆಲೆ ಬರೆದಿಲ್ಲ.

ಇಲ್ಲಿ ಕೆಲವರು ಆಕ್ಷೇಪಿಸಬಹುದು: ‘ಹಾಗಾದರೆ ಮಹಾನಗರಕ್ಕೆ ಶಕ್ತಿಯನ್ನು ಕೊಡುವುದೇ ತಪ್ಪೇ? ಹಳ್ಳಿಯವರಿಗೆ ನಗರದ ಗೊಡವೆಯೇನು?’ ಎಂದು. ಇದಕ್ಕೆ ಸಮಾಧಾನವೇನೆಂದರೆ, ನಗರವು ಹಳ್ಳಿಗೆ ಅನ್ಯವಲ್ಲ. ಹಳ್ಳಿಯ ಮಕ್ಕಳೇ ಅಲ್ಲಿ ಓದುತ್ತಾರೆ, ದುಡಿಯುತ್ತಾರೆ, ಆಸ್ಪತ್ರೆಗಳಲ್ಲಿ ಮಲಗುತ್ತಾರೆ. ಬೆಂಗಳೂರಿನ ಕುಡಿಯುವ ನೀರು ಕಾವೇರಿಯದು. ಸುಮಾರು 100 ಕಿಲೋಮೀಟರು ದೂರದಿಂದ, ತೊರೆಕಾಡನಹಳ್ಳಿಯಿಂದ ಮೊದಲ್ಗೊಂಡು ಮೂರು ಹಂತಗಳಲ್ಲಿ ಮೇಲೆತ್ತಿ ತರತಕ್ಕದ್ದು. ವಿದ್ಯುತ್ತು ನಿಂತರೆ ನಲ್ಲಿಯೂ ನಿಲ್ಲುವುದು. ಶಕ್ತಿಯು ನಿಂತಾಗ ಧನಿಕನು ಡೀಸೆಲ್ ಯಂತ್ರವನ್ನು ನಡೆಯಿಸಿ, ಹೆಚ್ಚು ಬೆಲೆಗೆ ಹೆಚ್ಚು ಹೊಗೆಯ ಬೆಳಕನ್ನು ಪಡೆಯುವನು. ಬಡವನು ಕತ್ತಲೆಯಲ್ಲಿ ಕುಳಿತುಕೊಳ್ಳುವನು. ಆದಕಾರಣ ಶಕ್ತಿಯನ್ನು ಕೊಡಲೇಬೇಕು. ಅದನ್ನು ಪಡೆಯುವ ರೀತಿಯು ಮಾತ್ರ ನ್ಯಾಯವಾಗಿರಬೇಕು.

ಬೆಲೆಯ ವಿಷಯದಲ್ಲಿಯೂ ಹೀಗೆಯೇ. 2023 ರಿಂದ ಗೃಹಜ್ಯೋತಿ ಯೋಜನೆಯಲ್ಲಿ ತಿಂಗಳಿಗೆ 200 ಯೂನಿಟ್ಟುಗಳ ಮಿತಿಯೊಳಗೆ ಮನೆಗಳಿಗೆ ಉಚಿತವಾಗಿ ವಿದ್ಯುತ್ತು ದೊರೆಯುತ್ತಿದೆ. ಹತ್ತು ಅಶ್ವಶಕ್ತಿಯ ವರೆಗಿನ ನೀರಾವರಿ ಪಂಪುಸೆಟ್ಟುಗಳಿಗೂ ಬೆಲೆಯಿಲ್ಲ. ಬಡವರಿಗೆ ಇದರಿಂದ ಉಪಕಾರವಾಗಿರುವುದರಲ್ಲಿ ಸಂಶಯವಿಲ್ಲ. ಆದರೆ ಉಚಿತವೆಂದರೆ ಬೆಲೆಯೇ ಇಲ್ಲವೆಂದಲ್ಲ, ಬೊಕ್ಕಸದಿಂದ ಬೆಲೆ ಸಲ್ಲುತ್ತದೆಯೆಂದು ಅರ್ಥ. ಬೊಕ್ಕಸವು ಹೊತ್ತಿಗೆ ಸಲ್ಲಿಸದಿದ್ದರೆ ತಂತಿ ಬದಲಾಗದು, ಟ್ರಾನ್ಸ್‌ಫಾರ್ಮರು ದುರಸ್ತಾಗದು, ಕೊನೆಗೆ ಉಚಿತದ ದೀಪವೂ ಆರುವುದು. ಬೆಲೆಯು ಕಡಿಮೆಯಿದ್ದರೂ ಬಳಕೆಯಲ್ಲಿ ಮಿತಿಯಿರಬೇಕೆಂಬುದು ಇದರಿಂದ ಸಿದ್ಧವಾಗುವುದು.

ಹಗಲು ಸೂರ್ಯನಿಂದ ತುಂಬಿ ಬರುವ ಶಕ್ತಿಯನ್ನು ಹಗಲೇ ಪಂಪುಸೆಟ್ಟುಗಳಿಗೆ ಕೊಡುವುದಾದರೆ, ರಾತ್ರಿ ಟಾರ್ಚು ಹಿಡಿದು ಹಾವುಚೇಳುಗಳ ನಡುವೆ ಗದ್ದೆಗೆ ಹೋಗುವ ರೈತನ ಭಯವೂ ನೀಗುವುದು, ಸಂಜೆಯ ಶಕ್ತಿಯು ನಗರಕ್ಕೂ ಉಳಿಯುವುದು. ಹಳ್ಳಿಗೂ ನಗರಕ್ಕೂ ಏಕಕಾಲದಲ್ಲಿ ಹಿತವಾಗುವ ಮಾರ್ಗವಿದು. ನಗರದ ಮಹಡಿಗಳೇ ಸೂರ್ಯನ ಹೊಲಗಳಾದರೆ ಬೇರೊಬ್ಬರ ಹೊಲವನ್ನು ಬೇಡುವ ಅಗತ್ಯವು ಅಷ್ಟರಮಟ್ಟಿಗೆ ಕಡಿಮೆಯಾಗುವುದು. 2024 ರಿಂದ ಮನೆಯ ಮೇಲೆ ಸೌರಫಲಕಗಳನ್ನು ಹಾಕಿಸುವವರಿಗೆ ಕೇಂದ್ರ ಸರ್ಕಾರವು 78,000 ರೂಪಾಯಿಗಳ ವರೆಗೆ ಸಹಾಯಧನವನ್ನು ಕೊಡುತ್ತಲಿದೆ.

ಇವೆಲ್ಲಕ್ಕಿಂತ ಸುಲಭವಾದ ಒಂದು ವಿದ್ಯುದಾಗಾರವು ಪ್ರತಿಯೊಬ್ಬರ ಕೈಯಲ್ಲಿಯೂ ಇದೆ. ಅದಾವುದೆಂದರೆ ಗೋಡೆಯ ಮೇಲಿನ ಗುಂಡಿಯೇ. 60 ವ್ಯಾಟಿನ ಹಳೆಯ ಬಲ್ಬು ಹದಿನೇಳು ಗಂಟೆಗಳೊಳಗೆ ಒಂದು ಯೂನಿಟ್ಟನ್ನು ನುಂಗುವುದು. ಹೆಚ್ಚುಕಡಮೆ ಅಷ್ಟೇ ಬೆಳಕನ್ನು ಕೊಡುವ 9 ವ್ಯಾಟಿನ ಎಲ್‌ಇಡಿ ದೀಪವು ಅದೇ ಒಂದು ಯೂನಿಟ್ಟಿನಲ್ಲಿ ನೂರಹನ್ನೊಂದು ಗಂಟೆಗಳ ಕಾಲ ಬೆಳಗುವುದು. ಬರಿದಾದ ಕೋಣೆಯಲ್ಲಿ ಉರಿಯುವ ದೀಪವನ್ನು ಆರಿಸಿದವನು ಒಂದು ಹಿಡಿ ಕಲ್ಲಿದ್ದಲನ್ನು, ಒಂದಷ್ಟು ನೀರನ್ನು ಉಳಿಸಿದಂತೆಯೇ ಸರಿ.

ಮುಳುಗಿದ ಊರನ್ನು ಮತ್ತೆ ಎತ್ತಲಾಗದು; ಆರಿಹೋದ ಒಲೆಗಳನ್ನು ಅದೇ ಜಾಗದಲ್ಲಿ ಮತ್ತೆ ಹೊತ್ತಿಸಲಾಗದು. ಆದರೆ ಅವರಿಗೆ ಸಲ್ಲಬೇಕಾದ ಹಕ್ಕುಪತ್ರವನ್ನು ಸಲ್ಲಿಸಬಹುದು. ಮುಂದಿನ ಯೋಜನೆಯಲ್ಲಿ ಕೂಲಿಕಾರನನ್ನೂ ಕುರಿಗಾರನನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬಹುದು. ಬೆಳಕಿನಲ್ಲಿ ಕುಳಿತಿರುವವರು ಕೇಳಿದ ಹೊರತು ಈ ಕಾರ್ಯಗಳು ನಡೆಯಲಾರವು. ಇಂದು ರಾತ್ರಿ ಮನೆಗೆ ಹೋಗಿ ದೀಪವನ್ನು ಹಾಕುವಾಗ ಶಿವನಸಮುದ್ರವನ್ನು, ರಾಯಚೂರನ್ನು, ಪಾವಗಡವನ್ನು, ಶರಾವತಿಯ ಹಿನ್ನೀರನ್ನು ತಾವೆಲ್ಲರೂ ಒಮ್ಮೆ ನೆನೆಯಬೇಕೆಂದೂ, ಬೇಡವಾದ ದೀಪವನ್ನು ಆರಿಸಬೇಕೆಂದೂ ಪ್ರಾರ್ಥಿಸಿ ಈ ಉಪನ್ಯಾಸವನ್ನು ಮುಗಿಸಲಾಗುತ್ತದೆ. ಸರ್ವರಿಗೂ ಶುಭವಾಗಲಿ.